ತೆಂಗಿನಮರ ವಾಲಿದ್ದು ಯಾಕೆ?

ಡ್ರೋನ್ ಮೇಲೇರಿತು, ಫೋಟೊ ತೆಗೆಯಿತು, ನಕ್ಷೆ ಸಿದ್ಧವಾಯಿತು ಎಂದುಕೊಂಡವರೇ ಹೆಚ್ಚು. 2020ರಿಂದ ಸ್ವಾಮಿತ್ವ ಯೋಜನೆಯಡಿ ಹಳ್ಳಿಗಳ ಮನೆ, ಹಿತ್ತಲುಗಳನ್ನು ಅಳೆಯಲು ಡ್ರೋನ್‌ಗಳು ಹಾರತೊಡಗಿದ ಮೇಲಂತೂ ಈ ತಪ್ಪು ತಿಳಿವಳಿಕೆ ಗಟ್ಟಿಯಾಗಿದೆ.

ಒಂದು ಬಿಡಿ ಫೋಟೊ ನೋಡಿ. ಕ್ಯಾಮೆರಾದ ನೇರ ಕೆಳಗಿನ ತೆಂಗಿನಮರ ಬರೀ ಗರಿಗಳ ಚಕ್ರ. ಅಂಚಿನಲ್ಲಿರುವ ಮರವೋ ಬುಡದಿಂದ ತಲೆಯವರೆಗೆ ಹೊರಕ್ಕೆ ಮಲಗಿರುತ್ತದೆ. ಮನೆಗಳೂ ಅಷ್ಟೇ. ಇದರ ಮೇಲೆ ಸ್ಕೇಲ್ ಇಟ್ಟರೆ ನಿಮ್ಮ ಸೂರು ನೆರೆಯವರ ಹಿತ್ತಲಿಗೆ ನುಗ್ಗುತ್ತದೆ. ಕೋರ್ಟಿಗೆ ಇನ್ನೊಂದು ಕೇಸು.

ಸೊಗಸೆಂದರೆ, ಕಾಯಿಲೆಯೇ ಇಲ್ಲಿ ಮದ್ದು. ಹೆಬ್ಬೆರಳು ಚಾಚಿ, ಕಣ್ಣುಗಳನ್ನು ಒಂದಾದ ಮೇಲೊಂದು ಮುಚ್ಚಿ ನೋಡಿ: ಬೆರಳು ಅತ್ತಿತ್ತ ಜಿಗಿಯುತ್ತದೆ. ಮೂಗಿನ ಹತ್ತಿರ ತಂದರೆ ಜಿಗಿತ ಇನ್ನೂ ಜೋರು. ಬಸ್ಸಿನ ಕಿಟಕಿಯಲ್ಲಿ ಸಾಲುಮರಗಳು ಹಿಂದಕ್ಕೆ ಓಡುತ್ತವೆ, ದೂರದ ಗುಡ್ಡ ನಮ್ಮ ಜೊತೆಗೇ ಬರುತ್ತದೆ. ಡ್ರೋನ್ ಕೂಡ ಕಿಟಕಿಗೆ ಒರಗಿದ ಪ್ರಯಾಣಿಕನೇ. ಹೊಲ ಉಳುವ ಹಾಗೆ ಸಾಲು ಹಿಡಿದು ಹಾರುತ್ತಾ, ಒಂದು ಚಿತ್ರದ ಸುಮಾರು ಮುಕ್ಕಾಲು ಪಾಲು ಮುಂದಿನದರಲ್ಲೂ ಬರುವಂತೆ ಕ್ಲಿಕ್ಕಿಸುತ್ತದೆ. ಚಿತ್ರದಿಂದ ಚಿತ್ರಕ್ಕೆ ತೆಂಗಿನ ತಲೆ ಹೆಚ್ಚು ಸರಿಯುತ್ತದೆ, ಬುಡ ಕಡಿಮೆ. ಆ ಅಂತರದಿಂದ ಕಂಪ್ಯೂಟರ್ ಎತ್ತರ ಕಂಡುಹಿಡಿದು, ಮಲಗಿದ್ದನ್ನೆಲ್ಲ ಎಬ್ಬಿಸಿ ಅದರದರ ಜಾಗದಲ್ಲಿ ನಿಲ್ಲಿಸುತ್ತದೆ. ಕ್ವಾರಿಯಿಂದ ಎಷ್ಟು ಕಲ್ಲು ಹೋಯಿತು, ಬತ್ತಿದ ಕೆರೆಯಿಂದ ಎಷ್ಟು ಹೂಳು ಎತ್ತಿದರು ಎಂಬುದೂ ಇದೇ ಲೆಕ್ಕ.

ಲೆಕ್ಕ ಹಳೆಯದು, ತ್ರಿಕೋನದ್ದು. 1800ರಲ್ಲಿ ಬ್ರಿಟಿಷ್ ಸರ್ವೇಯರ್ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನಲ್ಲಿ ಏಳು ಮೈಲಿಗೂ ಉದ್ದದ ಆಧಾರರೇಖೆಯನ್ನು, ಅಂದರೆ ತ್ರಿಕೋನದ ಮೊದಲ ಬದಿಯನ್ನು, ನೂರಡಿಯ ಉಕ್ಕಿನ ಸರಪಳಿಯಿಂದ ಅಳೆದ. ಮುಂದೆ 1808ರಲ್ಲಿ, ಕೋನ ಅಳೆಯುವ, ಸುಮಾರು ಅರ್ಧ ಟನ್ ತೂಕದ ಥಿಯೋಡೊಲೈಟನ್ನು ತಂಜಾವೂರಿನ ದೇವಸ್ಥಾನದ ಮೇಲಕ್ಕೆ ಎಳೆಸುವಾಗ ಹಗ್ಗ ಕಿತ್ತು ಅದು ಗೋಡೆಗೆ ಬಡಿಯಿತು. ಡೇರೆಯೊಳಗೆ ವಾರಗಟ್ಟಲೆ ಕೂತು ತಾನೇ ರಿಪೇರಿ ಮಾಡಿದ ಪುಣ್ಯಾತ್ಮ! ಇಂದಿನ ಡ್ರೋನ್ ಕಾರಿನ ಡಿಕ್ಕಿಯಲ್ಲಿ ಹಿಡಿಯುತ್ತದೆ.

ಹಾಗೆಂದು ಅದಕ್ಕೆ ದಿವ್ಯದೃಷ್ಟಿಯೇನಿಲ್ಲ. ಒತ್ತಾಗಿ ಬೆಳೆದ ಅಡಿಕೆ ತೋಟದ ಮೇಲೆ ಅದರ ಕ್ಯಾಮೆರಾಗೆ ಸೋಗೆ ಕಾಣುತ್ತದೆ, ನೆಲ ಕಾಣುವುದಿಲ್ಲ. ಹಳ್ಳಿಯ ನಡುವೆಯೂ ಯಾರ ಜಾಗ ಎಲ್ಲಿಗೆ ಮುಗಿಯಿತು ಎಂಬುದು ಅದಕ್ಕೆ ತಿಳಿಯದು. ಆದ್ದರಿಂದಲೇ ಹಾರಾಟಕ್ಕೆ ಮೊದಲು ಪಂಚಾಯಿತಿಯವರು, ಕಂದಾಯ ಸಿಬ್ಬಂದಿ, ಮನೆಯವರು ಸೇರಿ ಗಡಿಯುದ್ದಕ್ಕೂ ಸುಣ್ಣದ ಗೆರೆ ಎಳೆಯುತ್ತಾರೆ. ಅಷ್ಟರಲ್ಲಿ ಮಳೆ ಬಂತೋ, ಬಕೆಟ್ ಹಿಡಿದು ಮತ್ತೆ ಎಳೆಯಬೇಕು.