‘ಸಹಕರಿಸುತ್ತಿಲ್ಲ’ ಎಂದು ಬರೆಯುವ ಮುನ್ನ

ಕೇಸ್ ಶೀಟಿನಲ್ಲಿ ‘ರೋಗಿ ಸಹಕರಿಸುತ್ತಿಲ್ಲ’ ಎಂಬ ಸಾಲು ಕಂಡಾಗಲೆಲ್ಲ ಬರೆದವರನ್ನು ಹುಡುಕಿ ಒಂದು ಪ್ರಶ್ನೆ ಕೇಳುತ್ತೇನೆ: ನಿನ್ನೆ ಇವರು ಹೇಗಿದ್ದರು? ಬಹಳ ಸಲ ಉತ್ತರ ಸಿಗುವುದಿಲ್ಲ. ಶಿಫ್ಟ್ ಬದಲಾಗಿರುತ್ತದೆ. ಹ್ಯಾಂಡೋವರ್‌ನಲ್ಲಿ ಬಿಪಿ, ಶುಗರ್, ಡ್ರಿಪ್‌ಗಳ ಮಾತಾಗಿರುತ್ತದೆ, ರೋಗಿಯ ಎಚ್ಚರ ಹೇಗಿತ್ತು ಎಂಬ ಮಾತು ಬಂದಿರುವುದಿಲ್ಲ. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಇರುವವರ ಆರೈಕೆಗೆ ಆಸ್ಪತ್ರೆ ಸಿಬ್ಬಂದಿಯನ್ನು ಸಜ್ಜುಗೊಳಿಸುವ ಕೆಲಸ ಈ ಪ್ರಶ್ನೆಯಿಂದಲೇ ಶುರುವಾಗಬೇಕು ಎಂಬುದು ವಾರ್ಡುಗಳಲ್ಲಿ ತರಬೇತಿ ಕೊಡುತ್ತ ಬಂದ ನನ್ನ ದೃಢ ಅಭಿಪ್ರಾಯ.

ತರಬೇತಿಯ ಹೆಸರಿನಲ್ಲಿ ಸಾಮಾನ್ಯವಾಗಿ ನಡೆಯುವುದು ಬೇರೆ. ಮೆದುಳಿನ ಚಿತ್ರಗಳು, ಅಮಿಲಾಯ್ಡ್, ಟೌ ಪ್ರೋಟೀನ್, ಆಲ್ಝೈಮರ್‌ಗೂ ವ್ಯಾಸ್ಕ್ಯುಲರ್ ಡಿಮೆನ್ಷಿಯಾಕ್ಕೂ ಇರುವ ವ್ಯತ್ಯಾಸ, ಕೊನೆಗೊಂದು ಪ್ರಮಾಣಪತ್ರ. ತಿಳಿದಿರಲಿ, ಬೇಡವೆನ್ನುವುದಿಲ್ಲ. ಆದರೆ ನಡುರಾತ್ರಿ ಡ್ರಿಪ್ ಕಿತ್ತುಕೊಂಡು ಮಂಚ ಇಳಿಯಲು ಹೊರಟ ಅಜ್ಜಿಯ ಮುಂದೆ ನಿಂತ ಸಿಸ್ಟರ್‌ಗೆ ಅದು ಕೈಹಿಡಿಯುವುದಿಲ್ಲ. ಆ ಅಜ್ಜಿ ಇರುವುದು ನರರೋಗ ವಿಭಾಗದಲ್ಲೂ ಅಲ್ಲ. ಡಿಮೆನ್ಷಿಯಾ ಇರುವವರು ಹೆಚ್ಚಾಗಿ ದಾಖಲಾಗುವುದು ಸೊಂಟದ ಮೂಳೆ ಮುರಿದೋ, ನ್ಯುಮೋನಿಯಾ ಆಗಿಯೋ, ಮೂತ್ರದ ಸೋಂಕು ತಗುಲಿಯೋ. ಮರೆವಿನ ಕಾಯಿಲೆ ಕೇಸ್ ಶೀಟಿನ ಮೂರನೇ ಸಾಲಿನಲ್ಲಿರುತ್ತದೆ, ಎಷ್ಟೋ ಸಲ ಅಲ್ಲೂ ಇರುವುದಿಲ್ಲ. ಹಾಗಾಗಿ ಮೂಳೆ ವಿಭಾಗ, ಸರ್ಜರಿ, ಎಮರ್ಜೆನ್ಸಿಯವರಿಗೇ ಈ ತರಬೇತಿ ಮೊದಲು ಬೇಕು.

ಅವರು ಮೊಟ್ಟಮೊದಲು ಕಲಿಯಬೇಕಾದ್ದು ಡೆಲಿರಿಯಂ, ಅಂದರೆ ಸನ್ನಿಯನ್ನು ಗುರುತಿಸುವುದು. ಡಿಮೆನ್ಷಿಯಾ ತಿಂಗಳು, ವರ್ಷಗಳ ಮೇಲೆ ಬೆಳೆಯುತ್ತದೆ. ಡೆಲಿರಿಯಂ ಗಂಟೆಗಳಲ್ಲಿ, ಒಂದೆರಡು ದಿನಗಳಲ್ಲಿ ಬಂದೆರಗುತ್ತದೆ. ಬೆಳಿಗ್ಗೆ ಒಂದು ಥರ, ಸಂಜೆ ಇನ್ನೊಂದು ಥರ. ಗಮನ ಒಂದೆಡೆ ನಿಲ್ಲುವುದಿಲ್ಲ. ಡಿಮೆನ್ಷಿಯಾ ಇರುವವರಿಗೆ ಅದು ಬರಲು ಸೋಂಕು, ನೀರಿನಂಶದ ಕೊರತೆ, ಮಲಬದ್ಧತೆ, ಮೂತ್ರ ಕಟ್ಟಿಕೊಳ್ಳುವುದು, ಹೊಸದಾಗಿ ಶುರುವಾದ ಒಂದು ಮಾತ್ರೆ, ಇವುಗಳಲ್ಲಿ ಯಾವುದಾದರೂ ಸಾಕು. ‘ಮೊದಲೇ ಮರೆವು, ಹಾಗೇ ಆಡುತ್ತಾರೆ ಬಿಡಿ’ ಎಂದುಕೊಂಡರೆ ಚಿಕಿತ್ಸೆ ಕೊಡಬಹುದಾದ ತೊಂದರೆಯೊಂದು ಕಣ್ಣೆದುರೇ ಕೈತಪ್ಪುತ್ತದೆ. ಕೂಗಾಡುವವರ ಕಡೆಗಾದರೂ ಯಾರಾದರೂ ತಿರುಗಿ ನೋಡುತ್ತಾರೆ. ನನಗೆ ಹೆಚ್ಚು ಆತಂಕವಿರುವುದು ಸುಮ್ಮನೆ ಮಲಗಿರುವವರ ಬಗ್ಗೆ. ಕರೆದರೆ ಕಣ್ಣು ತೆರೆದು ಮತ್ತೆ ಮುಚ್ಚುತ್ತಾರೆ, ತುತ್ತು ಬಾಯಲ್ಲೇ ಉಳಿಯುತ್ತದೆ, ಯಾರಿಗೂ ತೊಂದರೆ ಕೊಡುವುದಿಲ್ಲ, ರೌಂಡ್ಸ್‌ನಲ್ಲಿ ‘ಆರಾಮಾಗಿದ್ದಾರೆ’ ಎಂದು ದಾಖಲಾಗುತ್ತದೆ. ಇದೂ ಡೆಲಿರಿಯಮ್ಮೇ, ಅದರ ಮಂಕು ರೂಪ.

ಡೆಲಿರಿಯಂ ಗುರುತಿಸುವ 4ಎಟಿ ಎಂಬ ಪರೀಕ್ಷೆಗೆ ಕೆಲವೇ ನಿಮಿಷ ಸಾಕು. ಎಚ್ಚರದ ಮಟ್ಟ ನೋಡಬೇಕು. ವಯಸ್ಸು, ಹುಟ್ಟಿದ ದಿನ, ಈಗಿರುವ ಜಾಗ, ಈಗಿನ ವರ್ಷ ಕೇಳಬೇಕು. ತಿಂಗಳುಗಳನ್ನು ಡಿಸೆಂಬರ್‌ನಿಂದ ಹಿಂದಕ್ಕೆ ಹೇಳಿಸಬೇಕು. ದಿಢೀರ್ ಬದಲಾವಣೆ ಆಗಿದೆಯೇ ಎಂದು ಮನೆಯವರಿಂದ ತಿಳಿಯಬೇಕು. 4 ಅಥವಾ ಹೆಚ್ಚು ಅಂಕ ಬಂದರೆ ಕಾರಣದ ಹುಡುಕಾಟ ಅಂದೇ ಶುರುವಾಗಬೇಕು.

ಡೆಲಿರಿಯಂ ಬಾರದಂತೆ ತಡೆಯುವುದಕ್ಕೆ ಇನ್ನೂ ಹೆಚ್ಚಿನ ಬೆಲೆಯಿದೆ. ಅಮೆರಿಕದ ಯೇಲ್‌ನಲ್ಲಿ ಶರೋನ್ ಇನೂಯೆ ಮತ್ತು ಸಂಗಡಿಗರು ನಡೆಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 70 ವರ್ಷ ಮೇಲ್ಪಟ್ಟ 852 ರೋಗಿಗಳಿದ್ದರು. ಎಂದಿನ ಆರೈಕೆ ಪಡೆದವರಲ್ಲಿ ಶೇ 15 ಮಂದಿಗೆ ಡೆಲಿರಿಯಂ ಬಂದರೆ, ವಿಶೇಷ ಆರೈಕೆಯ ಗುಂಪಿನಲ್ಲಿ ಶೇ 9.9 ಮಂದಿಗೆ. ಆ ವಿಶೇಷ ಆರೈಕೆಯಲ್ಲಿ ದುಬಾರಿ ಔಷಧವೇನೂ ಇರಲಿಲ್ಲ. ಕನ್ನಡಕ ಕೈಗೆ ಸಿಗುವಂತೆ ನೋಡಿಕೊಂಡರು, ಕಿವಿ ಕೇಳಿಸುವಂತೆ ಮಾಡಿದರು, ನೀರು ಕುಡಿಸಿದರು, ಎಬ್ಬಿಸಿ ನಡೆಸಿದರು, ದಿನ ಮತ್ತು ಸ್ಥಳ ನೆನಪಿಸುತ್ತ ಮಾತಾಡಿದರು, ರಾತ್ರಿ ಗದ್ದಲ ತಗ್ಗಿಸಿದರು. ಇವನ್ನು ಮಾಡಲು ತರಬೇತಿ ಪಡೆದ ಸ್ವಯಂಸೇವಕರೂ ಜೊತೆಗಿದ್ದರು. ಡೆಲಿರಿಯಂ ಒಮ್ಮೆ ಬಂದ ಮೇಲೆ ಮಾತ್ರ ಅದರ ತೀವ್ರತೆಯಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ದಾಖಲಾದ ದಿನವೇ ಕನ್ನಡಕ ಎಲ್ಲಿದೆ ಎಂದು ಕೇಳಿ ಎಂದು ನಾನು ಪೀಡಿಸುವುದು ಇದಕ್ಕೇ.

ಇನ್ನು ನೋವು. ಸೊಂಟದ ಮೂಳೆ ಮುರಿದವರನ್ನು ಹೋಲಿಸಿದ ಮಾರಿಸನ್ ಮತ್ತು ಸಿಯು ಅವರ ಅಧ್ಯಯನ 2000ದಲ್ಲಿ ಹೊರಬಂತು. ಮುರಿದದ್ದು ಅದೇ ಮೂಳೆಯಾದರೂ, ತೀವ್ರ ಡಿಮೆನ್ಷಿಯಾ ಇದ್ದವರಿಗೆ ಸಿಕ್ಕ ಮಾರ್ಫಿನ್ ಮಾದರಿಯ ನೋವು ನಿವಾರಕ ಅರಿವು ಸರಿಯಿದ್ದವರಿಗೆ ಸಿಕ್ಕದ್ದರ ಮೂರನೇ ಒಂದು ಭಾಗ. ಬಾಯಿಬಿಟ್ಟು ಕೇಳಲಾರದವರಿಗೆ ಕೊಡುವವರಿಲ್ಲ. ಇದು ನನ್ನನ್ನು ಇಂದಿಗೂ ಕಾಡುತ್ತದೆ. ನೋವನ್ನು ಹೇಳಲಾಗದವರ ಮೈಯಲ್ಲಿ ಅದನ್ನು ಓದುವ ಸಾಧನಗಳಿವೆ. ‘ಪೇನ್‌ಆ್ಯಡ್’ ಮಾಪನದಲ್ಲಿ ಉಸಿರಾಟ, ನರಳಾಟ, ಮುಖಭಾವ, ಮೈಯ ಬಿಗಿತ, ಸಂತೈಸಿದರೆ ಸಮಾಧಾನವಾಗುವುದೋ ಇಲ್ಲವೋ, ಈ ಐದನ್ನು ನೋಡಿ 10ಕ್ಕೆ ಅಂಕ ಕೊಡುತ್ತಾರೆ. ಅಂಕ ಹಾಕಬೇಕಾದ್ದು ಮಗ್ಗುಲು ಬದಲಿಸುವಾಗ, ಕೂರಿಸುವಾಗ. ಅಲುಗಾಡದೆ ಮಲಗಿದಾಗ ನೋಡಿದರೆ ನೋವಿದ್ದವರಿಗೂ ಸೊನ್ನೆ ಬರಬಹುದು. ನಾರ್ವೆಯ ವೃದ್ಧರ ಆರೈಕೆ ಕೇಂದ್ರಗಳ 352 ನಿವಾಸಿಗಳನ್ನು ಕುರಿತ 2011ರ ಪ್ರಯೋಗವೊಂದರಲ್ಲಿ, ಹಂತಹಂತವಾಗಿ ನೋವಿಗೆ ಚಿಕಿತ್ಸೆ ಕೊಟ್ಟಾಗ ಅವರ ಚಡಪಡಿಕೆಯೇ ಗಮನಾರ್ಹವಾಗಿ ಇಳಿಯಿತು. ಹೆಚ್ಚಿನವರಿಗೆ ಕೊಟ್ಟದ್ದು ಬರೀ ಪ್ಯಾರಾಸಿಟಮಾಲ್.

ನಮ್ಮ ವಾರ್ಡುಗಳಲ್ಲಿ ಚಡಪಡಿಕೆಗೆ ಸಿಗುವ ಉತ್ತರ ಬಹಳ ಸಲ ನಿದ್ದೆಯ ಇಂಜೆಕ್ಷನ್ ಅಥವಾ ಕೈಗೆ ಕಟ್ಟು. ಹೀಗೆ ಶಾಂತಗೊಳಿಸಲು ಬಳಸುವ ಆ್ಯಂಟಿಸೈಕೋಟಿಕ್ (ಮನೋರೋಗಕ್ಕೆ ಕೊಡುವ) ಔಷಧಗಳು ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟಿದೆ. ತನಗೋ ಬೇರೆಯವರಿಗೋ ಅಪಾಯವಿದ್ದಾಗ, ಕಡಿಮೆ ಪ್ರಮಾಣದಲ್ಲಿ, ಕಡಿಮೆ ದಿನ ಅವು ಬೇಕಾಗಬಹುದು. ಅದಕ್ಕೆ ಮೊದಲು ನೋವು, ಮೂತ್ರ, ಹಸಿವು, ಭಯ ನೋಡಿದ್ದೀರಾ ಎಂಬುದು ನನ್ನ ಪ್ರಶ್ನೆ.

ಪಾಠದ ಕೋಣೆಯಲ್ಲಿ ಇದನ್ನೆಲ್ಲ ಹೇಳಿ ಮುಗಿಸಲಾಗದು. ನಾನು ಸಿಬ್ಬಂದಿಯನ್ನೇ ಮಂಚದ ಮೇಲೆ ಮಲಗಿಸುತ್ತೇನೆ. ಕಿವಿಗೆ ಹತ್ತಿ, ಮಸುಕಾದ ಕನ್ನಡಕ. ಇಬ್ಬರು ಬಂದು ಏನೂ ಹೇಳದೆ ಹೊದಿಕೆ ಸರಿಸಿ, ತಮ್ಮತಮ್ಮಲ್ಲೇ ಮಾತಾಡುತ್ತ ಎತ್ತಲು ನೋಡುತ್ತಾರೆ. ಮಲಗಿದವರು ತಮಗೇ ತಿಳಿಯದಂತೆ ಕೈ ಅಡ್ಡ ಹಿಡಿಯುತ್ತಾರೆ. ಆಮೇಲೆ ಅದೇ ಕೆಲಸವನ್ನು ಎದುರಿನಿಂದ ಬಂದು, ಕಣ್ಣಿನ ಮಟ್ಟಕ್ಕೆ ಬಾಗಿ, ಹೆಸರು ಹಿಡಿದು ಕರೆದು, ಒಂದೊಂದೇ ಮಾತು ಹೇಳಿ, ಉತ್ತರಕ್ಕೆ ಕಾದು ಮಾಡಿಸುತ್ತೇನೆ. ಈ ಅಭ್ಯಾಸಕ್ಕೆ ಆಯಾಗಳು, ಸ್ಟ್ರೆಚರ್ ತಳ್ಳುವವರು, ಎಕ್ಸ್‌ರೇ ತಂತ್ರಜ್ಞರು, ಬಾಗಿಲ ಕಾವಲಿನವರು ಎಲ್ಲರೂ ಬರಲೇಬೇಕು. ರೋಗಿಯ ಮೈ ಮುಟ್ಟುವ ಕೈಗಳಲ್ಲಿ ವೈದ್ಯರವು ತೀರ ಕಡಿಮೆ.

ಮನೆಯವರ ವಿಷಯದಲ್ಲಿ ನಿಯಮವೇ ಬದಲಾಗಬೇಕು. ಭೇಟಿ ಸಮಯದ ಹೆಸರಿನಲ್ಲಿ ಅವರನ್ನು ಹೊರಗಿಟ್ಟರೆ ‘ನಿನ್ನೆ ಹೇಗಿದ್ದರು’ ಎಂದು ಹೇಳಬಲ್ಲ ಒಬ್ಬರೇ ಒಬ್ಬರನ್ನು ಕಳೆದುಕೊಂಡಂತೆ. ಬ್ರಿಟನ್‌ನಲ್ಲಿ 2014ರಲ್ಲಿ ಶುರುವಾದ ‘ಜಾನ್ಸ್ ಕ್ಯಾಂಪೇನ್’ ಕೇಳಿದ್ದು, ಡಿಮೆನ್ಷಿಯಾ ಇರುವವರ ಜೊತೆ ಅವರ ಆರೈಕೆದಾರರು ಉಳಿಯುವ ಹಕ್ಕನ್ನು. ಉಳಿಯಲಾಗದ ಮನೆಯವರಿಂದ ಒಂದು ಪುಟ ಬರೆಸಿಕೊಂಡು ಮಂಚದ ಬಳಿ ಇಡಬೇಕು: ಏನೆಂದು ಕರೆದರೆ ಓಗೊಡುತ್ತಾರೆ, ಯಾವುದಕ್ಕೆ ಹೆದರುತ್ತಾರೆ, ಶೌಚಕ್ಕೆ ಹೋಗಬೇಕೆನಿಸಿದಾಗ ಏನು ಮಾಡುತ್ತಾರೆ.

ತರಬೇತಿ ಫಲಿಸಿತೇ ಎಂದು ತಿಳಿಯಲು ನಾನು ಪರೀಕ್ಷೆ ಇಡುವುದಿಲ್ಲ. ಕೆಲವು ತಿಂಗಳ ನಂತರ ಅದೇ ವಾರ್ಡಿನ ಕೇಸ್ ಶೀಟುಗಳನ್ನು ತೆಗೆಸುತ್ತೇನೆ. ನೋವಿನ ಅಂಕ ಬರೆದಿದ್ದಾರೆಯೇ, ದಾಖಲಾದ ದಿನವೇ 4ಎಟಿ ಆಗಿದೆಯೇ, ರಾತ್ರಿಯ ಇಂಜೆಕ್ಷನ್‌ಗೆ ಕಾರಣ ನಮೂದಾಗಿದೆಯೇ ಎಂದು ನೋಡುತ್ತೇನೆ. ಆಡಳಿತದವರ ಮುಂದೆ ಇಡುವುದು ಆ ಹಾಳೆಗಳನ್ನೇ, ರಾತ್ರಿ ಪಾಳಿಗೆ ಇನ್ನೊಬ್ಬ ಸಿಸ್ಟರ್ ಬೇಕೆಂಬ ಬೇಡಿಕೆಯ ಜೊತೆಗೆ.