ಪತ್ರದ ಜೊತೆ ಲಕೋಟೆಯೂ ಬೇಕು

ಮಧ್ಯಾಹ್ನ ಊಟಕ್ಕೆ ಏಳುವ ಹೊತ್ತಿಗೆ ಅಕೌಂಟ್ಸ್ ವಿಭಾಗದ ಒಬ್ಬರಿಂದ ಮೇಲ್ ಬಂತು: "ಸಾರ್, ಇದನ್ನೊಂಚೂರು ನೋಡಿ. ನಮ್ಮ ಸಪ್ಲೈಯರ್ ಬ್ಯಾಂಕ್ ಖಾತೆ ಬದಲಾಗಿದೆಯಂತೆ, ಇವತ್ತೇ ದುಡ್ಡು ಹಾಕಿ ಅಂತಿದ್ದಾರೆ." ಕೆಳಗೆ ಆ ಸಪ್ಲೈಯರ್ ಹೆಸರಲ್ಲಿ ಬಂದ ಮೇಲ್ ಇತ್ತು. ಅವರಿಗೆ ಅನುಮಾನ ಬಂದದ್ದೇ ದೊಡ್ಡದು, ದುಡ್ಡು ಉಳಿಯಿತು. ಆದರೆ ಅವರು ಮಾಮೂಲಿ ಫಾರ್ವರ್ಡ್ ಒತ್ತಿದ್ದರಿಂದ ನನ್ನ ಕೈಗೆ ಸಿಕ್ಕಿದ್ದು ಬರೀ ಒಕ್ಕಣೆ. ಮೇಲ್ ಯಾವ ಸರ್ವರಿನಿಂದ ಹೊರಟಿತು, ಉತ್ತರ ಬರೆದರೆ ಯಾವ ವಿಳಾಸಕ್ಕೆ ಹೋಗುತ್ತದೆ, ಡೊಮೇನಿನ ಸಹಿ ಸರಿಯಿತ್ತೇ ಎನ್ನುವುದೊಂದೂ ಅದರಲ್ಲಿ ಇರಲಿಲ್ಲ. ಮೂಲ ಮೇಲನ್ನು ಅವರು ಆಗಲೇ ಅಳಿಸಿಬಿಟ್ಟಿದ್ದರು.

ಹಳೆಯ ಕಚೇರಿಗಳಲ್ಲಿ ಮುಖ್ಯ ಪತ್ರ ಬಂದರೆ ಗುಮಾಸ್ತರು ಲಕೋಟೆಯನ್ನೂ ಪತ್ರಕ್ಕೆ ಪಿನ್ ಮಾಡಿ ಫೈಲಿಗೆ ಹಾಕುತ್ತಿದ್ದರು. ಯಾವ ಊರಿನಿಂದ ಯಾವತ್ತು ಹೊರಟಿತು ಎಂದು ಹೇಳುವುದು ಲಕೋಟೆಯ ಮೇಲಿನ ಅಂಚೆ ಮುದ್ರೆ ತಾನೇ? ಇಮೇಲ್‌ನಲ್ಲಿ ಆ ಕೆಲಸ ಹೆಡರ್‌ಗಳದ್ದು, ಅಂದರೆ ಒಕ್ಕಣೆಗೂ ಮೊದಲು ಬರುವ, ಸಾಮಾನ್ಯವಾಗಿ ಕಣ್ಣಿಗೆ ಕಾಣದ ಮಾಹಿತಿ ಸಾಲುಗಳದ್ದು. ದಾರಿಯಲ್ಲಿ ಸಿಕ್ಕ ಪ್ರತಿ ಸರ್ವರೂ ತನ್ನದೊಂದು 'ರಿಸೀವ್ಡ್' ಸಾಲನ್ನು ಮೇಲಕ್ಕೆ ಸೇರಿಸುತ್ತದೆ, ಹಾಗಾಗಿ ಅವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಫಾರ್ವರ್ಡ್ ಒತ್ತಿದಾಗ ಈ ಸಾಲುಗಳೆಲ್ಲ ಉದುರಿ, ಒಕ್ಕಣೆ ಮಾತ್ರ ಹೊಸ ಲಕೋಟೆಗೆ ಸೇರುತ್ತದೆ. ಅಟ್ಯಾಚ್‌ಮೆಂಟ್ ಆಗಿ ಕಳಿಸಿದರೆ ಮೂಲ ಮೇಲ್ ಇಡಿಯಾಗಿ ಹೊಸ ಮೇಲಿನ ಹೊಟ್ಟೆಯೊಳಗೆ ಕೂರುತ್ತದೆ.

ಜಿಮೇಲ್‌ನಲ್ಲಿ, ಔಟ್‌ಲುಕ್‌ನಲ್ಲಿ ಇದಕ್ಕೆ ಆಯ್ಕೆ ಇದೆ. ಆದರೆ ಗಾಬರಿಯಲ್ಲಿರುವವರಿಗೆ ಮೆನು ಹುಡುಕಿ ಎಂದು ಹೇಳುವುದು ನ್ಯಾಯವಲ್ಲ. ಅದಕ್ಕೇ ಪ್ರತಿಯೊಬ್ಬರ ಮೇಲ್‌ಬಾಕ್ಸಿನಲ್ಲೂ 'ಅನುಮಾನ' ಎಂಬ ಫೋಲ್ಡರ್ ಮಾಡಿಕೊಟ್ಟೆ. ಅನುಮಾನ ಬಂದದ್ದನ್ನು ಅಲ್ಲಿಗೆ ಎಳೆದು ಹಾಕಿದರೆ ಸಾಕು. ಐದು ನಿಮಿಷಕ್ಕೊಮ್ಮೆ ಓಡುವ ಪೈಥಾನ್ ಸ್ಕ್ರಿಪ್ಟ್ ಅದನ್ನು ಎತ್ತಿಕೊಂಡು, ಅಟ್ಯಾಚ್‌ಮೆಂಟ್ ಮಾಡಿ ನಮ್ಮ ತಂಡಕ್ಕೆ ಕಳಿಸುತ್ತದೆ.

ಸ್ಕ್ರಿಪ್ಟ್ ದೊಡ್ಡದೇನಲ್ಲ. ಐಮ್ಯಾಪ್ (ಸರ್ವರಿನಲ್ಲಿರುವ ಮೇಲನ್ನು ಓದುವ ವಿಧಾನ) ಮೂಲಕ ಇಮೇಲಿನ ಕಚ್ಚಾ ಬೈಟುಗಳನ್ನು ತರುವುದು, ಅವನ್ನು ಪೈಥಾನಿಗೆ ಅರ್ಥವಾಗುವ ಮೆಸೇಜ್ ಆಬ್ಜೆಕ್ಟ್ ಮಾಡುವುದು, ಹೊಸ ಇಮೇಲ್‌ಮೆಸೇಜ್‌ಗೆ ಅದನ್ನೇ ಅಟ್ಯಾಚ್ ಮಾಡುವುದು. ಮೆಸೇಜ್ ಆಬ್ಜೆಕ್ಟನ್ನು ನೇರವಾಗಿ ಕೊಟ್ಟರೆ ಪೈಥಾನ್ ತಾನೇ 'ಮೆಸೇಜ್/ಆರ್‌ಎಫ್‌ಸಿ822' ಎಂಬ ವಿಧ ಹಾಕುತ್ತದೆ. 1982ರಲ್ಲಿ ಬಂದ ಇಮೇಲ್ ಮಾನದಂಡದ ಸಂಖ್ಯೆ ಅದು, ಇವತ್ತಿಗೂ ಆ ಹೆಸರೇ ಉಳಿದಿದೆ. ಎಲ್ಲ ಅಟ್ಯಾಚ್‌ಮೆಂಟಿಗೂ ಮಾಡುವಂತೆ ಇದನ್ನೂ ಬೇಸ್64ಗೆ (ಬೈಟುಗಳನ್ನು ಸರಳ ಅಕ್ಷರಗಳಾಗಿ ಬರೆಯುವ ರೀತಿಗೆ) ತಿರುಗಿಸಲು ಹೋಗಬೇಡಿ. ಈ ವಿಧಕ್ಕೆ 7ಬಿಟ್, 8ಬಿಟ್ ಅಥವಾ ಬೈನರಿ (ಬೈಟುಗಳನ್ನು ಬದಲಿಸದೆ ಇದ್ದಂತೆಯೇ ಕಳಿಸುವ ರೀತಿಗಳು) ಮಾತ್ರ ಎಂದು ಅಟ್ಯಾಚ್‌ಮೆಂಟ್‌ಗಳ ನಿಯಮ ಹೇಳುವ 1996ರ ಮೈಮ್ ಮಾನದಂಡ ಖಚಿತವಾಗಿ ಹೇಳಿದೆ. ತಪ್ಪಿದರೆ ಕೆಲವು ಮೇಲ್ ಆ್ಯಪ್‌ಗಳು ಅದನ್ನು ತೆರೆಯುವುದೇ ಇಲ್ಲ.

ಮೊದಲ ವಾರವೇ ಒಬ್ಬರು ನನ್ನ ಮೇಜಿನ ಹತ್ತಿರ ಬಂದು, "ಸಾರ್, ಆ ಫೋಲ್ಡರಿನಲ್ಲಿ ನಾನು ತೆರೆದೇ ಇಲ್ಲದ ಮೇಲ್‌ಗಳೆಲ್ಲ ಓದಿದ ಹಾಗೆ ಕಾಣ್ತಿವೆ, ಯಾರಾದ್ರೂ ನನ್ನ ಮೇಲ್ ನೋಡ್ತಿದ್ದಾರಾ?" ಎಂದು ಕೇಳಿದರು. ತಪ್ಪು ನನ್ನದೇ. ಐಮ್ಯಾಪ್‌ನಲ್ಲಿ 'ಬಾಡಿ' ಎಂದು ಕೇಳಿದರೆ ಮೇಲ್ ಓದಿದ್ದಾಗಿ ಗುರುತು ಬೀಳುತ್ತದೆ, 'ಬಾಡಿ ಪೀಕ್' ಎಂದು ಕೇಳಿದರೆ ಬೀಳುವುದಿಲ್ಲ. ಒಂದೇ ಪದದ ವ್ಯತ್ಯಾಸ. ಆದರೆ ಜನರ ನಂಬಿಕೆ ನಿಂತಿರುವುದು ಅದರ ಮೇಲೇ, ಅವತ್ತೇ ತಿದ್ದಿದೆ.

ಇನ್ನೊಂದು ತೊಂದರೆ ಕಣ್ಣಿಗೆ ಬೀಳಲು ತಡವಾಯಿತು. ಡಿಕಿಮ್ ಎಂದರೆ ಕಳಿಸಿದ ಡೊಮೇನ್ ಹಾಕುವ ಡಿಜಿಟಲ್ ಸಹಿ. 'ಸಿಂಪಲ್' ಬಗೆಯಲ್ಲಿ ಸಹಿ ಮಾಡಿದ್ದರೆ, ಸಹಿಗೆ ಒಳಪಟ್ಟ ಹೆಡರಿನಲ್ಲಿ ಒಂದು ಖಾಲಿ ಜಾಗ ಆಚೀಚೆಯಾದರೂ ಅದು ಕೆಡುತ್ತದೆ. ಪೈಥಾನಿನ ಡಿಫಾಲ್ಟ್ ಪಾಲಿಸಿ (ಮೇಲನ್ನು ಹೇಗೆ ಬರೆಯಬೇಕೆಂಬ ಸೆಟ್ಟಿಂಗ್‌ಗಳ ಕಟ್ಟು) ಉದ್ದನೆಯ ಹೆಡರ್ ಸಾಲುಗಳನ್ನು ತನ್ನ ಲೆಕ್ಕದಲ್ಲಿ ಹೊಸದಾಗಿ ಮಡಿಸಿಬಿಡುತ್ತದೆ. ಅಸಲಿ ಮೇಲ್ ಕೂಡ ಖೋಟಾದಂತೆ ಕಂಡದ್ದು ಹೀಗೆ. ಆ ಪಾಲಿಸಿಯಲ್ಲಿ 'ರೀಫೋಲ್ಡ್ ಸೋರ್ಸ್' (refold_source) ಅನ್ನು 'ನನ್' (none) ಎಂದು ಇಡಿ. ಒಳಗಿನ ಮೇಲಿಗೆ ಮಾತ್ರವಲ್ಲ, ಹೊರಗಿನದಕ್ಕೂ ಅದೇ ಪಾಲಿಸಿ ಕೊಡಿ, ಏಕೆಂದರೆ ಕಳಿಸುವಾಗ ಇಡೀ ಕಟ್ಟನ್ನು ಬರೆಯುವುದು ಹೊರಗಿನ ಪಾಲಿಸಿಯ ಪ್ರಕಾರ.

ಅಟ್ಯಾಚ್‌ಮೆಂಟಿನ ಹೆಸರಿಗೆ ಇಮೇಲಿನ ವಿಷಯದ ಸಾಲನ್ನೇ ಬಳಸುವ ಆಸೆ ಎಲ್ಲರಿಗೂ ಬರುತ್ತದೆ. ಕನ್ನಡದಲ್ಲಿ ವಿಷಯ ಬರೆಯುವವರು ನಮ್ಮಲ್ಲಿದ್ದಾರೆ, ಅದು ನನಗೆ ಸಂತೋಷವೇ. ಆದರೆ 'ಲಕ್ಷ್ಮೀ' ಎನ್ನುವುದು ಕಣ್ಣಿಗೆ ಎರಡೇ ಅಕ್ಷರ, ಯುನಿಕೋಡಿನಲ್ಲಿ ಏಳು ಸಂಕೇತ, ಯುಟಿಎಫ್-8ರಲ್ಲಿ 21 ಬೈಟು. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಫೈಲ್ ಹೆಸರಿಗೆ 255 ಬೈಟು ಮಿತಿ. ಅಂದರೆ ಒಂದು ಸಾಧಾರಣ ಕನ್ನಡ ವಾಕ್ಯಕ್ಕೇ ಜಾಗ ಮುಗಿದುಹೋಗುತ್ತದೆ, ಕಣ್ಣಳತೆಯಲ್ಲಿ ಕತ್ತರಿಸಲು ಹೋದರೆ ಅಕ್ಷರ ನಡುವೆ ಒಡೆಯುತ್ತದೆ. ಈಗ ನಾನು ದಿನಾಂಕ ಮತ್ತು ಇಮೇಲಿನ ಯುಐಡಿ (ಸರ್ವರ್ ಕೊಟ್ಟ ಗುರುತಿನ ಸಂಖ್ಯೆ) ಸೇರಿಸಿ ಹೆಸರಿಡುತ್ತೇನೆ, ವಿಷಯವನ್ನು ಹೊರ ಮೇಲಿನ ಒಕ್ಕಣೆಯಲ್ಲಿ ಪೂರ್ತಿ ಬರೆಯುತ್ತೇನೆ.

ನಿಮ್ಮದೇ ಸ್ಪ್ಯಾಮ್ ಫಿಲ್ಟರ್ ಇದನ್ನು ತಡೆಯಬಹುದು, ಒಳಗಿರುವುದು ನಿಜಕ್ಕೂ ವಂಚನೆಯ ಮೇಲ್ ಅಲ್ಲವೇ! ವರದಿ ಸೇರುವ ಆ ಒಂದು ವಿಳಾಸಕ್ಕೆ ವಿನಾಯಿತಿ ಕೊಡಿ. ಇದು ಯಂತ್ರ ಕಳಿಸಿದ ಮೇಲ್ ಎಂದು ತಿಳಿಸುವ 'ಆಟೋ-ಸಬ್ಮಿಟೆಡ್' ಹೆಡರ್ ಕೂಡ ಹಾಕಿ, ಇಲ್ಲದಿದ್ದರೆ ರಜೆಯಲ್ಲಿರುವವರ ಸ್ವಯಂ ಉತ್ತರಗಳು ಸ್ಕ್ರಿಪ್ಟಿನ ಮೇಲ್‌ಬಾಕ್ಸಿಗೆ ಬಂದು ಬೀಳುತ್ತವೆ.

ಪ್ರಕರಣ ಪೊಲೀಸರವರೆಗೆ ಹೋಗಬಹುದು ಅನ್ನಿಸಿದರೆ ಇನ್ನೂ ಒಂದು ಕೆಲಸವಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಕಾರ ಎಲೆಕ್ಟ್ರಾನಿಕ್ ಸಾಕ್ಷ್ಯದ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯ (ಬೈಟುಗಳಿಂದ ಲೆಕ್ಕ ಹಾಕುವ ಬೆರಳಚ್ಚಿನಂಥ ಸಂಖ್ಯೆ) ಬರೆಯಬೇಕು. ಆದ್ದರಿಂದ ಸರ್ವರಿನಿಂದ ಬೈಟುಗಳು ಬಂದ ಕೂಡಲೇ, ಪಾರ್ಸ್ ಮಾಡುವ (ಬಿಡಿಸಿ ಓದುವ) ಮೊದಲೇ, ಎಸ್‌ಎಚ್‌ಎ-256 ಎಂಬ ವಿಧಾನದಲ್ಲಿ ಹ್ಯಾಶ್ ಲೆಕ್ಕ ಹಾಕಿಡುತ್ತೇನೆ. ಅದೇ ಬೈಟುಗಳನ್ನು ಜಿಪ್ ಮಾಡಿ ಬೇರೆ ಇಡುತ್ತೇನೆ. ಅಟ್ಯಾಚ್‌ಮೆಂಟನ್ನು ಮರಳಿ ಉಳಿಸಿಕೊಳ್ಳುವಾಗ ಸಾಲಿನ ಕೊನೆಯ ಗುರುತು ಬದಲಾದರೂ ಹ್ಯಾಶ್ ಹೊಂದುವುದಿಲ್ಲ.

ತಡ ಮಾಡಬಾರದು ಎನ್ನುವುದಕ್ಕೆ ಡಿಕಿಮ್ ಸಹಿಯೇ ಕಾರಣ. ಅದನ್ನು ಪರೀಕ್ಷಿಸುವ ಕೀಲಿ ಕಳಿಸಿದವರ ಡಿಎನ್‌ಎಸ್‌ನಲ್ಲಿ (ಡೊಮೇನಿನ ಸಾರ್ವಜನಿಕ ದಾಖಲೆಯಲ್ಲಿ) ಇರುತ್ತದೆ, ಅವರು ಕೀಲಿ ಬದಲಿಸಿ ಹಳೆಯದನ್ನು ತೆಗೆದರೆ ಆಮೇಲೆ ಯಾರೂ ಪರೀಕ್ಷಿಸಲಾರರು. ನಮ್ಮ ಸರ್ವರ್ ಮೇಲ್ ಬಂದ ಕ್ಷಣವೇ ಪರೀಕ್ಷಿಸಿ 'ಆಥೆಂಟಿಕೇಶನ್-ರಿಸಲ್ಟ್ಸ್' ಎಂಬ ಸಾಲು ಬರೆದಿಟ್ಟಿರುತ್ತದೆ. ತಂಡದ ಮೇಲ್‌ಬಾಕ್ಸಿಗೆ ಬಂದ ಅಟ್ಯಾಚ್‌ಮೆಂಟ್ ತೆರೆದಾಗ ನಾನು ಮೊದಲು ಹುಡುಕುವುದು ಆ ಸಾಲನ್ನೇ.