ಪ್ರೊಸೆಸರಿನ ಹೆಸರು, ಅದಕ್ಕೆ ಸಿಗುವ ವ್ಯಾಟ್: ಲ್ಯಾಪ್‌ಟಾಪ್ ಹೋಲಿಕೆಯ ಟಿಪ್ಪಣಿ

ರೈಜನ್ 5 7520ಯು, ರೈಜನ್ 5 7530ಯು, ರೈಜನ್ 5 7540ಯು. ಒಂದರ ಕೆಳಗೊಂದು ಬರೆದುಕೊಂಡರೆ ಮೂರೂ ಒಡಹುಟ್ಟಿದವರಂತೆ ಕಾಣುತ್ತವೆ. ಮೂರೂ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳು; ತಯಾರಿಸುವ ಕಂಪನಿ ಎಎಂಡಿ ಮೂರನ್ನೂ 2023ರ ಸರಣಿಯಲ್ಲೇ ಸೇರಿಸಿದೆ. ಒಳಗೆ ನೋಡಿದರೆ ಮೂರು ಬೇರೆ ಬೇರೆ ತಲೆಮಾರು. ಗುಟ್ಟು ಇರುವುದು ವಿನ್ಯಾಸದ ತಲೆಮಾರನ್ನು (ಎಎಂಡಿ ಅದಕ್ಕೆ ಜೆನ್ ಎನ್ನುತ್ತದೆ) ಹೇಳುವ ಮೂರನೆಯ ಅಂಕಿಯಲ್ಲಿ: 2 ಎಂದರೆ ಜೆನ್ 2, 3 ಎಂದರೆ ಜೆನ್ 3, 4 ಎಂದರೆ ಜೆನ್ 4. ಮೊದಲನೆಯದಕ್ಕೆ 4 ಕೋರ್ (ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಭಾಗ), ಉಳಿದೆರಡಕ್ಕೆ ತಲಾ 6. ಜೆನ್ 2 ವಿನ್ಯಾಸ 2019ರಷ್ಟು ಹಳೆಯದು. ಮುಂದಿರುವ 7 ಸರಣಿಯ ವರ್ಷವನ್ನು ಹೇಳುತ್ತದೆಯೇ ಹೊರತು ವಿನ್ಯಾಸದ ವಯಸ್ಸನ್ನಲ್ಲ. ನಾನು ಬಹಳ ದಿನ ಆ ಮೊದಲ ಅಂಕಿಯನ್ನೇ ನಂಬಿ ಹೋಲಿಸುತ್ತಿದ್ದೆ. ಈಗ ಕಲಿಯುತ್ತಿರುವವರು ಅಲ್ಲಿ ಎಡವಬಾರದೆಂದೇ ಇದನ್ನು ಮೊದಲಿಗೆ ಬರೆಯುತ್ತಿದ್ದೇನೆ.

ಇಂಟೆಲ್‌ನ ಕಡೆ ಬಂದರೆ ಕೋರ್‌ಗಳ ಲೆಕ್ಕವೇ ಗೊಂದಲ ಹುಟ್ಟಿಸುತ್ತದೆ. ಕೋರ್ ಐ5-1235ಯುನಲ್ಲಿ 10 ಕೋರ್ ಎಂದು ಬರೆದಿರುತ್ತದೆ. ಆದರೆ ಅವು ಸಮಾನ ಕೋರ್‌ಗಳಲ್ಲ. 2 ದೊಡ್ಡವು, 8 ಚಿಕ್ಕವು. ಇದನ್ನು ನೆನಪಿಟ್ಟುಕೊಳ್ಳಲು ನನಗೆ ಒಂದು ಕಳೆಯುವ ಲೆಕ್ಕ ಬಹಳ ಉಪಯೋಗಕ್ಕೆ ಬಂದಿದೆ. ಈ ಮಿಶ್ರ ವಿನ್ಯಾಸದಲ್ಲಿ ದೊಡ್ಡ ಕೋರ್ ಮಾತ್ರ ಎರಡು ಥ್ರೆಡ್ (ಏಕಕಾಲಕ್ಕೆ ಸಾಗುವ ಕೆಲಸದ ಸಾಲು) ನಡೆಸುತ್ತದೆ, ಚಿಕ್ಕದು ಒಂದನ್ನೇ. ಹಾಗಾಗಿ ಥ್ರೆಡ್ ಸಂಖ್ಯೆಯಿಂದ ಕೋರ್ ಸಂಖ್ಯೆ ಕಳೆದರೆ ಉಳಿಯುವುದೇ ದೊಡ್ಡ ಕೋರ್‌ಗಳ ಸಂಖ್ಯೆ. 1235ಯುಗೆ 12ರಿಂದ 10 ಕಳೆದರೆ 2. 1240ಪಿಗೆ 16ರಿಂದ 12 ಕಳೆದರೆ 4. ಕೋರ್ ಅಲ್ಟ್ರಾ 7 155ಎಚ್‌ಗೆ 22ರಿಂದ 16 ಕಳೆದರೆ 6. 2024ರ ಲೂನಾರ್ ಲೇಕ್‌ನಂಥ ಕೆಲವು ಹೊಸ ಸರಣಿಗಳಿಗೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ದೊಡ್ಡ ಕೋರ್‌ಗಳಿಂದಲೂ ಎರಡನೆಯ ಥ್ರೆಡ್ ತೆಗೆದುಹಾಕಿದ್ದಾರೆ. ಲೂನಾರ್ ಲೇಕ್‌ಗೆ 8 ಕೋರ್, 8 ಥ್ರೆಡ್.

ಕೋರ್ ಹೆಚ್ಚಿದ್ದ ಮಾತ್ರಕ್ಕೆ ವೇಗವೂ ಅಷ್ಟೇ ಪಟ್ಟು ಹೆಚ್ಚುವುದಿಲ್ಲ ಎಂಬುದನ್ನು ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲೇ ವಾದಿಸಿದ್ದರು. ಒಂದು ಕೆಲಸದ 80% ಭಾಗವನ್ನು ಹಂಚಿಕೊಂಡು ಮಾಡಬಹುದು, 20% ಭಾಗವನ್ನು ಒಬ್ಬರೇ ಮಾಡಬೇಕು ಎಂದುಕೊಳ್ಳಿ. 8 ಕೋರ್ ಇದ್ದರೆ ವೇಗ ಸುಮಾರು 3.3 ಪಟ್ಟು, 16 ಇದ್ದರೆ 4 ಪಟ್ಟು. ಕೋರ್ ಎಷ್ಟೇ ಸೇರಿಸಿದರೂ 5 ಪಟ್ಟು ದಾಟುವುದಿಲ್ಲ. ಬ್ರೌಸರ್, ಬರವಣಿಗೆ, ಲೆಕ್ಕದ ಹಾಳೆ ಇಂಥ ಕೆಲಸಗಳಿಗೆ ಒಂಟಿ ಕೋರ್‌ನ ಚುರುಕೇ ಮುಖ್ಯ. ವಿಡಿಯೊ ಪರಿವರ್ತನೆ, ಮೂರು ಆಯಾಮದ ಚಿತ್ರರಚನೆ, ದೊಡ್ಡ ಪ್ರೋಗ್ರಾಂಗಳ ಕಂಪೈಲ್ ಕೆಲಸಕ್ಕೆ ಎಲ್ಲ ಕೋರ್‌ಗಳೂ ಬೇಕು.

ವ್ಯಾಟ್: ಇಲ್ಲಿ ನಿಧಾನವಾಗಿ ಓದಿ

ಒಮ್ಮೆ ಉದ್ದದ ವಿಡಿಯೊವೊಂದನ್ನು ಪರಿವರ್ತನೆಗೆ ಹಾಕಿ, ಟಾಸ್ಕ್ ಮ್ಯಾನೇಜರ್ ತೆರೆದಿಟ್ಟುಕೊಂಡು ಕುಳಿತೆ. ಮೊದಲ ಅರ್ಧ ನಿಮಿಷ ವೇಗ 3.9 ಗಿಗಾಹರ್ಟ್ಸ್‌ನ ಆಸುಪಾಸಿನಲ್ಲಿತ್ತು. ಫ್ಯಾನಿನ ಸದ್ದು ಏರಿತು. ಆಮೇಲೆ ಅಂಕಿ ಒಂದೊಂದೇ ಮೆಟ್ಟಿಲು ಇಳಿದು 2.4ಕ್ಕೆ ಬಂದು ನಿಂತಿತು. ಕೆಲಸ ಮುಗಿಯುವವರೆಗೂ ಅಲ್ಲಿಂದ ಕದಲಲಿಲ್ಲ. ಯಂತ್ರ ಕೆಟ್ಟಿರಲಿಲ್ಲ. ಪ್ರೊಸೆಸರ್‌ಗೆ ಎರಡು ಮಿತಿಗಳಿರುತ್ತವೆ: ಸ್ವಲ್ಪ ಹೊತ್ತು ಎಳೆದುಕೊಳ್ಳಬಹುದಾದ ವಿದ್ಯುತ್ತು ಒಂದು, ಸತತವಾಗಿ ಎಳೆದುಕೊಳ್ಳಬಹುದಾದದ್ದು ಇನ್ನೊಂದು. 1235ಯುನ ಮೂಲ ಮಿತಿ 15 ವ್ಯಾಟ್, ಗರಿಷ್ಠ 55. 155ಎಚ್‌ಗೆ ಮೂಲ 28, ಗರಿಷ್ಠ 115. ಇವುಗಳ ನಡುವೆ ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವವರು ಲ್ಯಾಪ್‌ಟಾಪ್ ತಯಾರಕರು. ಫ್ಯಾನ್ ಎಷ್ಟು ದೊಡ್ಡದು, ಶಾಖ ಹೊರಹೋಗಲು ದಾರಿ ಎಷ್ಟಿದೆ ಎಂಬುದರ ಮೇಲೆ. ಅದೇ ಪ್ರೊಸೆಸರ್ ತೆಳುವಾದ ಕವಚದಲ್ಲಿ 20 ವ್ಯಾಟ್‌ಗೆ ಸುಮ್ಮನಾಗಬಹುದು, ದಪ್ಪ ಕವಚದಲ್ಲಿ 45 ವ್ಯಾಟ್‌ನಲ್ಲಿ ಗಂಟೆಗಟ್ಟಲೆ ಓಡಬಹುದು. ಆದ್ದರಿಂದ ಪ್ರೊಸೆಸರಿನ ಹೆಸರಷ್ಟೇ ಇದ್ದು ಲ್ಯಾಪ್‌ಟಾಪಿನ ಹೆಸರಿಲ್ಲದ ವೇಗಪರೀಕ್ಷೆಯ ಅಂಕಪಟ್ಟಿಯನ್ನು ನಾನು ಪೂರ್ತಿ ನಂಬುವುದಿಲ್ಲ.

ಕೊನೆಯ ಸ್ವಲ್ಪ ವೇಗಕ್ಕೆ ಅಷ್ಟೊಂದು ವ್ಯಾಟ್ ಏಕೆ ಖರ್ಚಾಗುತ್ತದೆ? ಚಿಪ್ಪಿನ ಚಾಲನಾ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೂ ಆವರ್ತನಕ್ಕೂ ಅನುಪಾತದಲ್ಲಿರುತ್ತದೆ. ಆವರ್ತನ ಏರಿಸಬೇಕಾದರೆ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ಒಂದು ಉದಾಹರಣೆಯ ಲೆಕ್ಕ ಹಾಕೋಣ: 3 ಗಿಗಾಹರ್ಟ್ಸ್‌ಗೆ 0.8 ವೋಲ್ಟ್, 4.5 ಗಿಗಾಹರ್ಟ್ಸ್‌ಗೆ 1.2 ವೋಲ್ಟ್ ಎಂದಿರಲಿ. ಎರಡೂ ಒಂದೂವರೆ ಪಟ್ಟು. ವಿದ್ಯುತ್ತು 1.5ರ ಘನ, ಅಂದರೆ ಸುಮಾರು 3.4 ಪಟ್ಟು. ಕೆಲಸ ಮುಗಿಯುವ ವೇಗ ಮಾತ್ರ ಒಂದೂವರೆ ಪಟ್ಟು. ಅದೇ ಕೆಲಸಕ್ಕೆ ಬ್ಯಾಟರಿಯಿಂದ ಇಳಿಯುವ ಶಕ್ತಿ 2.25 ಪಟ್ಟು. ದಯವಿಟ್ಟು ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡಿ. ಚಿಕ್ಕ ಕೋರ್‌ಗಳು ಏಕೆ ಹುಟ್ಟಿಕೊಂಡವು, 2020ರಲ್ಲಿ ಆ್ಯಪಲ್‌ನ ಎಂ1 ಫ್ಯಾನೇ ಇಲ್ಲದ ಮ್ಯಾಕ್‌ಬುಕ್ ಏರ್‌ನಲ್ಲಿ ಹೇಗೆ ಕೆಲಸ ಮಾಡಿತು ಎಂಬುದೆಲ್ಲ ಇಲ್ಲಿಂದಲೇ ಬಿಡಿಸಿಕೊಳ್ಳುತ್ತದೆ. ಎಂ1ರ ಕೋರ್‌ಗಳು ಕಡಿಮೆ ಆವರ್ತನದಲ್ಲೇ ಪ್ರತಿ ಆವರ್ತಕ್ಕೆ ಹೆಚ್ಚು ಕೆಲಸ ಮಾಡುವಂತೆ ಅಗಲವಾಗಿ ರೂಪುಗೊಂಡವು.

ಗ್ರಾಫಿಕ್ಸ್: ದಾರಿಯ ಅಗಲ

ಪ್ರೊಸೆಸರ್ ಜೊತೆಗೇ ಬರುವ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ. ಮುಖ್ಯ ಮೆಮೊರಿಯಲ್ಲೇ ಪಾಲು ಪಡೆಯಬೇಕು. ಡಿಡಿಆರ್4-3200 ಎಂಬ ಬಗೆಯ ಮೆಮೊರಿಯ ಒಂದೇ ಪಟ್ಟಿ (ಸ್ಟಿಕ್) ಹಾಕಿದ್ದರೆ ಸೆಕೆಂಡಿಗೆ 3,200 ದಶಲಕ್ಷ ಬಾರಿ ತಲಾ 8 ಬೈಟ್, ಅಂದರೆ 25.6 ಗಿಗಾಬೈಟ್ ದತ್ತಾಂಶ ಸಾಗಬಹುದು. ಎರಡು ಪಟ್ಟಿ ಹಾಕಿದರೆ 51.2. ಇಂಟೆಲ್‌ನ ಐರಿಸ್ ಎಕ್ಸ್‌ಇ ಗ್ರಾಫಿಕ್ಸ್ ಇರುವ ಯಂತ್ರದಲ್ಲಿ ಒಂದೇ ಪಟ್ಟಿ ಇದ್ದರೆ ವಿಂಡೋಸ್‌ನಲ್ಲಿ ಕಾಣುವ ಹೆಸರೇ ಬದಲಾಗಿ ಯುಎಚ್‌ಡಿ ಗ್ರಾಫಿಕ್ಸ್ ಎಂದಾಗುತ್ತದೆ. ಚಿಪ್ಪು ಅದೇ, ದಾರಿ ಮಾತ್ರ ಕಿರಿದು. 16 ಜಿಬಿ ಎಂದು ನೋಡಿ ನಿಲ್ಲಬೇಡಿ. ಎಂಟೆಂಟರ ಎರಡೋ, ಹದಿನಾರರ ಒಂದೋ ಎಂದು ವಿಚಾರಿಸಿ.

ಇದೇ ಕಾರಣಕ್ಕೆ ಎಎಂಡಿ ಪ್ರೊಸೆಸರ್ ಜೊತೆಗೇ ಬರುವ ರೇಡಿಯಾನ್ 780ಎಂ ಗ್ರಾಫಿಕ್ಸ್‌ನ 12 ಘಟಕಗಳು 890ಎಂನಲ್ಲಿ 16 ಆದರೂ ಆಟಗಳ ಫ್ರೇಮ್ ಸಂಖ್ಯೆ ಅದೇ ಪ್ರಮಾಣದಲ್ಲಿ ಏರಬೇಕೆಂದಿಲ್ಲ. ಎರಡಕ್ಕೂ ಎಲ್‌ಪಿಡಿಡಿಆರ್5ಎಕ್ಸ್-7500 ಮೆಮೊರಿ ಕೊಟ್ಟರೆ ದಾರಿ ಒಂದೇ, ಸೆಕೆಂಡಿಗೆ 120 ಗಿಗಾಬೈಟ್. ಪ್ರತ್ಯೇಕ ಗ್ರಾಫಿಕ್ಸ್ ಚಿಪ್ಪಾದ ಲ್ಯಾಪ್‌ಟಾಪ್ ಆರ್‌ಟಿಎಕ್ಸ್ 4060ಗೆ ತನ್ನದೇ 8 ಜಿಬಿ ಮೆಮೊರಿ, 256 ಗಿಗಾಬೈಟ್ ದಾರಿ. ಅಲ್ಲಿಯೂ ವ್ಯಾಟ್ ಬಿಟ್ಟಿಲ್ಲ: ತಯಾರಕರು ಅದಕ್ಕೆ 35ರಿಂದ 115ರವರೆಗೆ ಎಷ್ಟನ್ನಾದರೂ ನಿಗದಿ ಮಾಡಬಹುದು.

ವಿಡಿಯೊ ನೋಡುವುದು ಬೇರೆ ಸಂಗತಿ. ಅದಕ್ಕೆಂದೇ ಚಿಪ್ಪಿನಲ್ಲಿ ಒಂದು ಮೂಲೆ ಮೀಸಲಿರುತ್ತದೆ. ಎವಿ1 ಎಂಬ ವಿಧಾನದಲ್ಲಿ ಕುಗ್ಗಿಸಿದ ವಿಡಿಯೊವನ್ನು ಇಂಟೆಲ್‌ನ 11ನೇ ತಲೆಮಾರಿನ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳು ಆ ಮೂಲೆಯಲ್ಲೇ ಬಿಡಿಸುತ್ತವೆ. ಆ್ಯಪಲ್ ಲ್ಯಾಪ್‌ಟಾಪ್‌ಗಳಲ್ಲಿ ಅದು ಬಂದದ್ದು 2023ರ ಎಂ3ರಿಂದ. ಆ ಮೂಲೆ ಇಲ್ಲದಿದ್ದರೆ ಕೋರ್‌ಗಳೇ ದುಡಿಯಬೇಕು, ಬ್ಯಾಟರಿ ಬೇಗ ಇಳಿಯುತ್ತದೆ. ಕೃತಕ ಬುದ್ಧಿಮತ್ತೆಯ ಲೆಕ್ಕಗಳಿಗೆಂದೇ ಇರುವ ಎನ್‌ಪಿಯು ಎಂಬ ಭಾಗದ ಬಗ್ಗೆ ಈಗ ಬಹಳ ಮಾತು. ಮೈಕ್ರೊಸಾಫ್ಟ್‌ನ ಕೋಪೈಲಟ್ ಪ್ಲಸ್ ಹೆಸರು ಪಡೆಯುವ ಯಂತ್ರಕ್ಕೆ ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ ಮಾಡುವ ಎನ್‌ಪಿಯು ಬೇಕು. ನನ್ನ ಹೋಲಿಕೆಯಲ್ಲಿ ಅದಕ್ಕೆ ಸದ್ಯ ಕೊನೆಯ ಸ್ಥಾನ.

ಬ್ಯಾಟರಿ: ಸುಮ್ಮನಿರುವಾಗಿನ ಖರ್ಚು

56 ವ್ಯಾಟ್‌ಗಂಟೆಯ ಬ್ಯಾಟರಿಯಿಂದ ಇಡೀ ಯಂತ್ರ ಸರಾಸರಿ 7 ವ್ಯಾಟ್ ಎಳೆದರೆ 8 ಗಂಟೆ, 10 ಎಳೆದರೆ 5.6 ಗಂಟೆ. ನಾವು ಓದುತ್ತಾ ಕುಳಿತಾಗ ಪ್ರೊಸೆಸರ್ ಬಹುಪಾಲು ಹೊತ್ತು ಕಾಯುತ್ತಲೇ ಇರುತ್ತದೆ. ಆದ್ದರಿಂದ ಗರಿಷ್ಠ ವೇಗದ ಅಂಕಗಳಿಂದ ಬ್ಯಾಟರಿಯ ಗಂಟೆಗಳನ್ನು ಊಹಿಸಲು ಆಗುವುದಿಲ್ಲ. 155ಎಚ್‌ನ ಕೊನೆಯ 2 ಪುಟ್ಟ ಕೋರ್‌ಗಳನ್ನು ಉಳಿದ 14ರಿಂದ ಬೇರೆಯದೇ ತುಂಡಿನಲ್ಲಿ ಇಟ್ಟದ್ದು ಇದಕ್ಕಾಗಿಯೇ: ಹಗುರ ಕೆಲಸವನ್ನು ಅವು ನೋಡಿಕೊಂಡರೆ ದೊಡ್ಡ ತುಂಡು ಪೂರ್ತಿ ಮಲಗಬಹುದು. ಲೂನಾರ್ ಲೇಕ್ ಇನ್ನೂ ಮುಂದೆ ಹೋಗಿ ಮೆಮೊರಿಯನ್ನೇ ಪ್ರೊಸೆಸರಿನ ಪಕ್ಕಕ್ಕೆ ತಂದು ಕೂರಿಸಿತು. ದತ್ತಾಂಶ ಸಾಗುವ ದೂರ ಕಡಿಮೆ, ಖರ್ಚೂ ಕಡಿಮೆ. ಆದರೆ ಆಮೇಲೆ ಮೆಮೊರಿ ಹೆಚ್ಚಿಸಿಕೊಳ್ಳಲು ಆಗುವುದಿಲ್ಲ. ಕೊಳ್ಳುವಾಗಲೇ 16 ಅಥವಾ 32 ಎಂದು ತೀರ್ಮಾನಿಸಬೇಕು.

ಯಂತ್ರ ಕೈಗೆ ಸಿಕ್ಕರೆ ಒಂದೇ ಭಾರವಾದ ಕೆಲಸವನ್ನು ಮೂರು ಬಾರಿ ಅಳೆಯಿರಿ: ತಣ್ಣಗಿರುವಾಗ ಒಮ್ಮೆ, ಹತ್ತು ನಿಮಿಷ ಸತತವಾಗಿ ಓಡಿಸಿದ ಮೇಲೆ ಒಮ್ಮೆ, ಚಾರ್ಜರ್ ಕಿತ್ತ ಮೇಲೆ ಒಮ್ಮೆ. ಮೂರನೆಯ ಅಂಕಿ ಕೆಲವು ಯಂತ್ರಗಳಲ್ಲಿ ತೀರಾ ಕುಸಿಯುತ್ತದೆ, ಕೆಲವದರಲ್ಲಿ ಹೆಚ್ಚು ಕದಲುವುದಿಲ್ಲ.

ದೊಡ್ಡ ಬ್ಯಾಟರಿ ಹಾಕಿಬಿಟ್ಟರೆ ಸಾಲದೇ ಎಂದು ಕೇಳಬಹುದು. ವಿಮಾನದಲ್ಲಿ ಪ್ರತ್ಯೇಕ ಅನುಮತಿಯಿಲ್ಲದೆ ಒಯ್ಯಬಹುದಾದ ಬ್ಯಾಟರಿಯ ಮಿತಿ 100 ವ್ಯಾಟ್‌ಗಂಟೆ. ದೊಡ್ಡ ಲ್ಯಾಪ್‌ಟಾಪ್‌ಗಳ ವಿವರಪಟ್ಟಿಯಲ್ಲಿ 99 ಎಂಬ ಅಂಕಿ ಮತ್ತೆ ಮತ್ತೆ ಕಾಣುವುದು ಇದರಿಂದಲೇ. ಸರಾಸರಿ 9 ವ್ಯಾಟ್ ಎಳೆಯುವ ಯಂತ್ರಕ್ಕೆ ಅದು 11 ಗಂಟೆ. ಹನ್ನೆರಡನೆಯ ಗಂಟೆ ಬೇಕಿದ್ದರೆ 9 ಅನ್ನು ಸುಮಾರು 8.2ಕ್ಕೆ ಇಳಿಸಬೇಕು.